ಅಲಗು ಒಬ್ಬರಿಗೆ, ಹಿಡಿ ಒಬ್ಬರಿಗೆ

ಕಬ್ಬಿಣಕ್ಕೆ ಕುಸುಬಿ ಎಣ್ಣೆ ಸವರಿದ ವಾಸನೆ ಎಲ್ಲಿ ಬಂದರೂ ನನಗೆ ಮೊದಲು ಸಿಟ್ಟು ಬರುತ್ತದೆ, ಅಳು ಆಮೇಲೆ. ಮೊನ್ನೆ ಪುಣೆ ಕ್ಯಾಂಪಿನಲ್ಲಿ ಹಳೆಯ ಸಾಮಾನಿನ ಅಂಗಡಿಯೊಂದರ ಮುಂದೆ ಆ ವಾಸನೆ ಬಂತು. ಒಳಗೆ ಇಣುಕದೆ ದಾಟಿ ಬಂದೆ. ಹುಟ್ಟಿದ ಮನೆಯನ್ನು ಕಳೆದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಖಂಡೆನವಮಿಯ ಬೆಳಿಗ್ಗೆ ನಮ್ಮ ಮನೆ ತುಂಬ ಅದೇ ವಾಸನೆ, ಜೊತೆಗೆ ಚೆಂಡುಹೂವಿನದು, ಕರ್ಪೂರದ್ದು. ಅಜ್ಜ ಪಡಸಾಲೆಯ ಗೂಟದಿಂದ ತನ್ನ ಸಂಗೀನನ್ನು ಇಳಿಸಿ, ಎಣ್ಣೆ ಬಟ್ಟೆಯಿಂದ ಒರೆಸಿ, ಮಣೆಯ ಮೇಲೆ ಇಡುತ್ತಿದ್ದ. ಅಜ್ಜಿ ಅದಕ್ಕೆ ಕುಂಕುಮ ಹಚ್ಚುತ್ತಿದ್ದಳು. ಅವರಿಬ್ಬರೂ ಜಗಳವಿಲ್ಲದೆ ಅಕ್ಕಪಕ್ಕ ಕೂರುತ್ತಿದ್ದದ್ದು ವರ್ಷದಲ್ಲಿ ಅದೊಂದೇ ಹೊತ್ತು.

ಅದು ಬಂದೂಕಿನ ತುದಿಗೆ ಸಿಕ್ಕಿಸುವ ಜಪಾನಿ ಸಂಗೀನು. ಧಾರವಾಡದಿಂದ ಫೌಜಿಗೆ ಸೇರಿದ ಅಜ್ಜ ಬರ್ಮಾ ಕಾಡಿನ ಯುದ್ಧದಲ್ಲಿ ಅದನ್ನು ವಶಮಾಡಿಕೊಂಡಿದ್ದ. ಕಾಡಿನಲ್ಲಿ ಬಳ್ಳಿ ಸವರಲು ಉದ್ದ ಹೆಚ್ಚಾಯಿತೆಂದು ಪಲ್ಟನ್ನಿನ ಲೋಹಾರ ಅದನ್ನು ಮೊಟಕು ಮಾಡಿ, ಹೊಸ ಮೊನೆ ಮಸೆದು, ಮುರಿದ ಬಂದೂಕಿನ ಕಟ್ಟಿಗೆಯಿಂದ ಹಿಡಿ ಕೂಡಿಸಿಕೊಟ್ಟಿದ್ದನಂತೆ. “ಇದು ಯಾರದು ಅಜ್ಜಾ?” ಎಂದು ಒಮ್ಮೆ ಕೇಳಿದ್ದೆ. “ಸತ್ತವಂದು,” ಎಂದ. ಅಜ್ಜ ಮೃದು ಮನುಷ್ಯನಲ್ಲ. ಅವನ ಕೆಮ್ಮು ಕೇಳಿದರೆ ಬೀದಿಯ ನಾಯಿಯೂ ಎದ್ದು ಹೋಗುತ್ತಿತ್ತು. ಆದರೂ ಅವನು ಇರುವತನಕ ಮನೆ ಒಂದೇ ಆಗಿತ್ತು, ಒಲೆ ಒಂದೇ ಆಗಿತ್ತು.

ನಾನು ಐದನೇ ಇಯತ್ತೆಯಲ್ಲಿದ್ದಾಗ ಅಜ್ಜ ತೀರಿಕೊಂಡ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುತ್ತಾರಲ್ಲ, ನನ್ನ ಅಪ್ಪ ಮತ್ತು ಅವನ ತಮ್ಮ, ನಮ್ಮ ಕಾಕಾ, ಹದಿಮೂರು ದಿನದ ಸೂತಕವೂ ಮುಗಿಯುವ ಮುನ್ನ ಅದನ್ನು ಮಾಡಿ ತೋರಿಸಿದರು. ಪಾಲು ಮಾಡಲು ಬೆಳಗಾವಿಯಿಂದ ಅಜ್ಜಿಯ ಅಣ್ಣ ಬಂದ. ಕೋಣೆ, ಕೊಡ, ಕಪಾಟು ಎಲ್ಲ ಹಂಚಿಯಾಯಿತು, ಉಳಿದದ್ದು ಸಂಗೀನು. ಹಿರಿಯವನು ನಾನು, ಆಯುಧಪೂಜೆ ನನ್ನದು ಎಂದ ಅಪ್ಪ. ಕೊನೆಗಾಲದಲ್ಲಿ ಅಜ್ಜನ ಸೇವೆ ಮಾಡಿದವನು ನಾನು ಎಂದ ಕಾಕಾ. “ಇಬ್ರಿಗೂ ಬ್ಯಾಡ, ಅದು ನನ್ನ ತಂಗಿ ಹತ್ರ ಇರ್ಲಿ” ಎಂದು ಆ ಮುದುಕ ಹೇಳಬೇಕಿತ್ತು. ಹೇಳಲಿಲ್ಲ, ಚಹಾ ಕುಡಿಯುತ್ತಾ ಕೂತ. ಅಪ್ಪ ತಾಳ್ಮೆಗೆಟ್ಟು, “ಹಂಗಾದ್ರ ಬಿಚ್ಚಿ ಹಂಚ್ರಿ, ಅವಗ ಅಲಗು, ನನಗ ಹಿಡಿ,” ಎಂದುಬಿಟ್ಟ. ಚುಚ್ಚಲು ಆಡಿದ ಮಾತು ಅದು. “ಆಗ್ಲಿ,” ಎಂದ ಕಾಕಾ. ಆಮೇಲೆ ಇಬ್ಬರಿಗೂ ಹಿಂದೆ ಸರಿಯಲು ಮರ್ಯಾದೆ ಅಡ್ಡ ಬಂತು. ಓಣಿಯ ಲೋಹಾರನನ್ನು ಕರೆಸಿ ರಿವೆಟ್ಟು ಕೀಳಿಸಿದರು. ಹಿಡಿ ಮತ್ತು ಒರೆ ನಮಗೆ ಬಂದವು, ಬೋಳು ಅಲಗು ಅವರಿಗೆ ಹೋಯಿತು, ನಡುವೆ ಇಟ್ಟಂಗಿ ಗೋಡೆ ಎದ್ದಿತು. ನಾವು ಮಕ್ಕಳೂ ಏನು ಕಡಿಮೆಯಿರಲಿಲ್ಲ. ಕಾಕಾನ ಮಗಳು ನಳಕ್ಕೆ ಬಂದರೆ ನಾನು ಬೇಕೆಂದೇ ಕೊಡ ತುಂಬಿಸುತ್ತಾ ನಿಲ್ಲುತ್ತಿದ್ದೆ.

ಅಜ್ಜಿ ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ. ಅವಳನ್ನೂ ಹಂಚಿದ್ದರು. ಅವಳು ಕೇಳಿದ್ದು ಒಂದೇ. “ವರ್ಷಕ್ಕೊಂದು ದಿನ ಅದನ್ನ ಕೂಡಸ್ರಿ. ನಾ ಕುಂಕುಮ ಹಚ್ಚತೀನಿ. ಮತ್ತ ಬಿಚ್ಕೊಂಡು ಹೋಗ್ರಿ.” ಅವನು ಮೊದಲು ತರಲಿ ಎಂದ ಅಪ್ಪ. ಅವನೇ ತರಲಿ ಎಂದ ಕಾಕಾ. ಹಾಗಾಗಿ ಗೋಡೆಯ ಈಚೆ ನಮ್ಮಪ್ಪ ಒಂದು ತುಂಡು ಕಟ್ಟಿಗೆಗೆ ಆರತಿ ಎತ್ತಿದ, ಆಚೆ ಕಾಕಾ ಹಿಡಿಯಿಲ್ಲದ ಕಬ್ಬಿಣಕ್ಕೆ. ಎರಡೂ ಕಡೆ ಗಂಟೆ ಜೋರುಜೋರಾಗಿ ಬಾರಿಸುತ್ತಿದ್ದರು. ದೇವರಿಗೆ ಕೇಳಿಸಲಿ ಅಂತಲ್ಲ.

ಒಂದು ದಸರೆಯ ಸಂಜೆ ಇಬ್ಬರೂ ಬನ್ನಿ ಎಲೆ ಹಿಡಿದು ಅಜ್ಜಿಯ ಮುಂದೆ ಒಟ್ಟಿಗೇ ಬಂದು ನಿಂತರು. ಹಗೆಯವನಿಗೂ ಬನ್ನಿ ಕೊಟ್ಟು, ಬಂಗಾರದಂಗ ಇರೋಣು ಅನ್ನುವ ದಿನ ಅದು. ಅಜ್ಜಿ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. “ಮೊದಲ ನೀವು ಒಬ್ರಿಗೊಬ್ರು ಕೊಡ್ರಿ. ಆಮ್ಯಾಲೆ ನನ್ನ ಕಾಲು ಮುಟ್ಟಾಕ ಬರ್ರಿ,” ಎಂದಳು. ಅಪ್ಪ ಗಡಿಯಾರ ನೋಡಿದ. ಕಾಕಾ ಚಪ್ಪಲಿ ನೋಡಿದ. ಆಮೇಲೆ ಎಲೆಯನ್ನು ಕಿಸೆಗೆ ತುರುಕಿಕೊಂಡು ತಂತಮ್ಮ ಬಾಗಿಲಿಗೆ ಹೋದರು. ಅಜ್ಜಿ ಮತ್ತೆ ಸಂಗೀನಿನ ಮಾತು ಎತ್ತಲಿಲ್ಲ, ಯಾರಿಗೂ ಕಾಲು ಮುಟ್ಟಲು ಬಿಡಲೂ ಇಲ್ಲ.

ಆ ಮನೆ ಈಗಿಲ್ಲ. ಎರಡೂ ಪಾಲು ಒಬ್ಬನೇ ಬಿಲ್ಡರನ ಕೈಗೆ ಹೋದವು, ಗೋಡೆಯನ್ನು ಅವನು ಒಂದೇ ಬೆಳಿಗ್ಗೆ ಕೆಡವಿದ. ಅಲಗು ಎಲ್ಲಿದೆಯೋ ಗೊತ್ತಿಲ್ಲ. ಕೇಳಬೇಕೆಂದರೆ ಆ ಕಡೆಯವರೊಡನೆ ಮಾತಾಡಬೇಕು. ಮನೆ ಹೋಗುವುದಕ್ಕೂ ಮೊದಲೇ, ಆ ದಸರೆಯ ಮುಂದಿನ ಮಳೆಗಾಲದಲ್ಲಿ, ಅಜ್ಜಿ ಹೋದಳು. ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಇಬ್ಬರು ಮಕ್ಕಳೂ ಬಂದು ಅವಳ ಪಾದದ ಬಳಿ ಕುಕ್ಕರಗಾಲಲ್ಲಿ ಕೂತರು. ಇನ್ನು ಎಳೆದುಕೊಳ್ಳಲು ಅವಳಿಂದಾಗುತ್ತಿರಲಿಲ್ಲ. ಅಪ್ಪ ಬಲಗಾಲು ಹಿಡಿದು ಅತ್ತ. ಕಾಕಾ ಎಡಗಾಲು ಹಿಡಿದು ಅತ್ತ.