ಹಡಗಿನಲ್ಲಿ ಗುಡಿ ಐತೆ ಅಂದಿದ್ದರು

ಹೊನ್ನಾಳಿಯಲ್ಲಿ ನನ್ನ ಗಂಡನದು ಬಣ್ಣದ ಅಂಗಡಿ. ಗೋಡೆಗೆ ಹಚ್ಚುವ ಬಣ್ಣ, ಬ್ರಷ್ಷು, ಪುಟ್ಟಿ, ಟರ್ಪೆಂಟೈನ್. ವರ್ಷಕ್ಕೆ ಇಷ್ಟು ಡಬ್ಬ ಮಾರಿದರೆ ಇಂಥದ್ದು ಕೊಡುತ್ತೇವೆ ಎಂದು ಕಂಪನಿಯವರು ಆಸೆ ತೋರಿಸುತ್ತಿರುತ್ತಾರೆ. ಒಂದು ವರ್ಷ ಮಿಕ್ಸಿ ಕೊಟ್ಟರು, ಇನ್ನೊಂದು ವರ್ಷ ಗಾಲಿ ಇರುವ ಸೂಟ್‌ಕೇಸು. ಸೂಟ್‌ಕೇಸು ಬಂದ ಮೇಲೆ ನಾವು ಎಲ್ಲಿಗೂ ಹೋಗಲಿಲ್ಲ, ಅದರಲ್ಲಿ ನಾನು ಹಳೇ ರಗ್ಗು ತುಂಬಿಟ್ಟಿದ್ದೆ. ಹೋದ ವರ್ಷ ಮಾತ್ರ ಇದ್ದಕ್ಕಿದ್ದಂತೆ ದೊಡ್ಡ ಮನಸ್ಸು ಮಾಡಿ, ಗುರಿ ಮುಟ್ಟಿದ ಅಂಗಡಿಯವರಿಗೆ ಇಬ್ಬಿಬ್ಬರಿಗೆ ಹಡಗಿನ ಪ್ರವಾಸ ಅಂದರು. ಮುಂಬೈಯಲ್ಲಿ ಹತ್ತಿ, ಲಕ್ಷದ್ವೀಪ ನೋಡಿಕೊಂಡು, ಮತ್ತೆ ಮುಂಬೈಯಲ್ಲಿ ಇಳಿಯುವುದು.

ಸುದ್ದಿ ಬಂದ ದಿನವೇ ನನ್ನ ಗಂಡನ ಮುಖ ಬಾಡಿತು. ಶಿವಮೊಗ್ಗದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗದಿದ್ದರೆ ಹೊಟ್ಟೆ ತೊಳಸುತ್ತದೆಂದು ಇಳಿದುಬಿಡುವ ಮನುಷ್ಯ ಅವರು. ಅದನ್ನು ಹೇಳಿಕೊಳ್ಳಲು ಸಂಕೋಚವಾಗಿ ಅಂಗಡಿ ಬಿಟ್ಟು ಬರುವುದು ಹೆಂಗೆ ಎಂದು ಶುರುಮಾಡಿದರು. ಸಲಹೆಗೆಂದು ಚನ್ನಗಿರಿಯ ಬಣ್ಣದ ಅಂಗಡಿಯ ಸಾಹುಕಾರರಿಗೆ ಫೋನು ಹಚ್ಚಿದರು. ಅವರೂ ಗುರಿ ಮುಟ್ಟಿದ್ದರು. ಅಲ್ಲದೆ ಒಮ್ಮೆ ಗೋವಾಕ್ಕೆ ಹೋದಾಗ ನದಿಯಲ್ಲಿ ಲಂಗರು ಹಾಕಿ ನಿಲ್ಲಿಸಿದ್ದ ಜೂಜಿನ ದೋಣಿಯೊಳಗೆ ಒಂದು ಸಂಜೆ ಕೂತು ಬಂದಿದ್ದರು. ಆ ದೋಣಿ ಅಲ್ಲಾಡಿರಲಿಲ್ಲ. ಆದರೂ ನಮ್ಮ ಸುತ್ತಲಿನ ನಾಲ್ಕೂ ತಾಲ್ಲೂಕಿಗೆ ಹಡಗಿನ ವಿಷಯದಲ್ಲಿ ಅವರೇ ಕೊನೆಯ ಮಾತು. ಹಡಗಲ್ಲಿ ಕುಡಿಯೋದು, ಕುಣಿಯೋದು, ಇಸ್ಪೀಟು ಆಡೋದು ಬಿಟ್ಟರೆ ಬೇರೆ ಕೆಲಸವಿಲ್ಲ, ಊಟಕ್ಕೆ ಮೀನು ಬಿಟ್ಟರೆ ಬೇರೆ ಸಿಗುವುದಿಲ್ಲ, ಮನೆಯವರನ್ನು ಕರೆದುಕೊಂಡು ಹೋಗುವ ಜಾಗವೇ ಅಲ್ಲ ಎಂದು ವಿವರಿಸಿದರಂತೆ. ಆದ್ದರಿಂದ ಅವರು ಹೆಂಡತಿಯನ್ನು ಬಿಟ್ಟು ಒಬ್ಬರೇ ಹೋಗಿ ಆ ಕಷ್ಟವನ್ನು ಅನುಭವಿಸಿ ಬರುವವರಿದ್ದರು.

ಅಷ್ಟರಲ್ಲಿ ನ್ಯಾಮತಿಯಲ್ಲಿರುವ ನನ್ನ ಅಕ್ಕ ಫೋನು ಮಾಡಿ, ಈಜು ಬರದವರನ್ನು ಹಡಗಿಗೆ ಹತ್ತಿಸಿಕೊಳ್ಳುವುದಿಲ್ಲ, ಮೊದಲು ಒಂದು ಪರೀಕ್ಷೆ ಇರುತ್ತದೆ ಅಂದಳು. ಯಾರು ಹೇಳಿದರು ಅಂದರೆ, ಎಲ್ಲರಿಗೂ ಗೊತ್ತಿರೋದೇ ಅಂದಳು. ನನಗೂ ಅದು ನಿಜವೇ ಇರಬಹುದು ಅನ್ನಿಸಿತು. ತುಂಗಭದ್ರೆಯ ದಂಡೆಯಲ್ಲಿ ಇಷ್ಟು ವರ್ಷ ಇದ್ದು ಮೊಣಕಾಲಿನ ಮೇಲೆ ನೀರಿಗೆ ಇಳಿಯದವಳು, ಈ ವಯಸ್ಸಿನಲ್ಲಿ ಯಾರ ಹತ್ತಿರ ಹೋಗಿ ಕಲಿಯಲಿ ಎಂದು ಒಳಗೊಳಗೇ ಚಿಂತೆ ಮಾಡಿದೆ. ನನ್ನ ತಲೆಯಲ್ಲೂ ಒಂದು ಹಡಗು ಇತ್ತು. ಮಂಚದ ಪಕ್ಕ ದುಂಡನೆಯ ಕಿಟಕಿ, ಕಿಟಕಿಯಾಚೆ ನೀಲಿ ನೀರು, ಎಲ್ಲೂ ಒಂದು ಸದ್ದಿಲ್ಲ.

ಕೊನೆಗೆ ನನ್ನ ಗಂಡ ಒಂದು ಉಪಾಯ ಹುಡುಕಿದರು. ತಮ್ಮ ಬದಲು ಅವ್ವನನ್ನು ಕಳಿಸುವುದು. ನನ್ನ ಅತ್ತೆಗೆ ಎಪ್ಪತ್ತು ದಾಟಿದೆ. ಹುಟ್ಟಿದ್ದು ಜಗಳೂರಿನ ಕಡೆ ಸೊಕ್ಕೆಯಲ್ಲಿ, ಮದುವೆಯಾಗಿ ಬಂದದ್ದು ಹೊನ್ನಾಳಿಗೆ. ಸುಮ್ಮನೆ ಕೇಳಿದರೆ ಒಪ್ಪಲಿಕ್ಕಿಲ್ಲ ಎಂದು ಮಗ ಒಂದು ಸುಳ್ಳು ಸೇರಿಸಿದರು.

"ಅವ್ವಾ, ಹಡಗಿನಾಗೆ ಈಶ್ವರನ ಗುಡಿ ಐತಂತೆ. ಎರಡು ಹೊತ್ತು ಮಂಗಳಾರತಿ ಮಾಡ್ತಾರಂತೆ."

ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು. ಕೈ ನಿಲ್ಲಿಸದೆ, ಹಂಗಾದ್ರೆ ಹೋಗಾನ ಬಿಡು ಅಂದರು. ನಾನು ಬಣ್ಣದ ಕಂಪನಿಯ ಖರ್ಚಿನಲ್ಲಿ ಅತ್ತೆಯ ಸೇವೆ ಮಾಡಲು ಸಮುದ್ರಕ್ಕೆ ಹೊರಟೆ.

ದಾವಣಗೆರೆಯಿಂದ ಕಂಪನಿಯವರು ಸ್ಲೀಪರ್ ಬಸ್ಸು ಮಾಡಿದ್ದರು. ಮುಂಬೈ ಬಂದರಿನಲ್ಲಿ ಈಜಿನ ಪರೀಕ್ಷೆ ಇರಲಿಲ್ಲ, ಆಧಾರ್ ಕಾರ್ಡು ನೋಡಿ ಬಿಟ್ಟರು. ಆದರೆ ತಪಾಸಣೆಯಲ್ಲಿ ಅತ್ತೆಯ ಚೀಲ ಸಿಕ್ಕಿಬಿತ್ತು. ಕಟಕು ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಹಾಕಿದ ಮಂಡಕ್ಕಿ, ಎಲ್ಲ ತುಂಬಿಕೊಂಡು ಬಂದಿದ್ದರು. ಮನೆಯ ತಿಂಡಿ ಒಳಗೆ ಬಿಡುವುದಿಲ್ಲ ಎಂದು ಅಲ್ಲಿದ್ದ ಹುಡುಗಿ ಹಿಂದಿಯಲ್ಲಿ ಹೇಳಿದಳು. ಹೊರಗಿನ ಊಟ ತರಬಾರದೆಂಬ ನಿಯಮ ಸಿನಿಮಾ ಟಾಕೀಸಿಗೆ ಮಾತ್ರ ಎಂದು ನಾವು ತಿಳಿದಿದ್ದೆವು. ಅತ್ತೆ ವಾದ ಮಾಡಲಿಲ್ಲ. ರೊಟ್ಟಿಯ ಗಂಟನ್ನು ಆ ಹುಡುಗಿಯ ಕೈಗೇ ಕೊಟ್ಟು, ಉಪವಾಸ ಇರಬೇಡ, ತಿನ್ನು ಎಂದು ಕನ್ನಡದಲ್ಲೇ ಹೇಳಿ ಮುಂದೆ ನಡೆದರು.

ಹಡಗು ನನ್ನ ತಲೆಯಲ್ಲಿದ್ದ ಹಡಗಾಗಿರಲಿಲ್ಲ. ಒಂದು ದೊಡ್ಡ ಲಾಡ್ಜನ್ನೂ ಒಂದು ಕಲ್ಯಾಣ ಮಂಟಪವನ್ನೂ ಒಂದರ ಮೇಲೊಂದು ಇಟ್ಟು ನೀರಿಗೆ ಬಿಟ್ಟಂತಿತ್ತು. ಲಿಫ್ಟಿನ ಮುಂದೆ ಸಾಲು, ಊಟಕ್ಕೆ ಸಾಲು, ಯಾವ ಮೂಲೆಗೆ ಹೋದರೂ ಹಾಡು. ನಮ್ಮ ಕೋಣೆ ಹಡಗಿನ ಹೊಟ್ಟೆಯೊಳಗೆ ಎಲ್ಲೋ ಇತ್ತು. ದುಂಡನೆಯ ಕಿಟಕಿಯಿರಲಿ, ಕಿಟಕಿಯೇ ಇಲ್ಲ. ಬದಲಿಗೆ ಗೋಡೆಗೊಂದು ಟಿವಿ. ಅದರ ಒಂದು ಚಾನೆಲ್ಲಿನಲ್ಲಿ ಹಡಗಿನ ಮೂತಿಗೆ ಕಟ್ಟಿದ ಕ್ಯಾಮೆರಾದಿಂದ ಸಮುದ್ರ ತೋರಿಸುತ್ತಿದ್ದರು. ಸಮುದ್ರದ ನಡುವೆ ಮಂಚದ ಮೇಲೆ ಕೂತು ನಾವಿಬ್ಬರೂ ಟಿವಿಯಲ್ಲಿ ಸಮುದ್ರ ನೋಡಿದೆವು. ಸ್ವಲ್ಪ ಹೊತ್ತಾದ ಮೇಲೆ ಅತ್ತೆ, ಇದನ್ನ ಮನೇಲೇ ನೋಡಬಹುದಿತ್ತು ಅಂದರು.

ಊಟದ ವಿಷಯದಲ್ಲಿ ಅತ್ತೆ ಏನು ತಿಂದಾರು ಎಂದು ನಾನು ಹೊನ್ನಾಳಿಯಿಂದಲೇ ಹೆದರಿದ್ದೆ. ಅವರು ಲಿಂಗ ಕಟ್ಟಿದವರು, ಮೀನಿನ ವಾಸನೆಗೇ ಮೂಗು ಮುಚ್ಚುವವರು. ಆದರೆ ಊಟದ ಹಾಲಿನಲ್ಲಿ ಅರ್ಧದಷ್ಟು ಸಸ್ಯಾಹಾರವೇ ಇತ್ತು. ಅದೂ ಸಾಲದೆಂದು ಜೈನರಿಗೆ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಬೇರೆ ಸಾಲು. ಅಲ್ಲಿಯ ಅನ್ನ ಸಾರು ತಿಂದು ಅತ್ತೆ ತಕರಾರು ತೆಗೆದದ್ದು ಒಂದೇ. ಇಷ್ಟು ಮಡಿ ನಮ್ಮ ಮನೇಲೂ ಇಲ್ಲ, ಬೆಳ್ಳುಳ್ಳಿ ಇಲ್ಲದೆ ಸಾರು ಹೆಂಗೆ ತಿನ್ನಾಕೆ ಬರುತ್ತೆ ಅಂದರು.

ಅಲ್ಲೇ ನಮಗೆ ಚನ್ನಗಿರಿಯ ಸಾಹುಕಾರರು ಸಿಕ್ಕರು. ಹಡಗಿನಲ್ಲಿ ಎಲ್ಲರೂ ಸೂಟು ಹಾಕಿರುತ್ತಾರೆಂದು ಹೊಸದಾಗಿ ಹೊಲಿಸಿಕೊಂಡು ಬಂದು, ಟೈ ಕಟ್ಟಿ, ಒಬ್ಬರೇ ಒಂದು ಟೇಬಲ್ಲಿನಲ್ಲಿ ಕೂತಿದ್ದರು. ಸುತ್ತಲೂ ಚಡ್ಡಿ ಬನೀನಿನ ಗಂಡಸರು, ಅವರ ಹೆಂಡಿರು, ಮಕ್ಕಳು, ಅಜ್ಜ ಅಜ್ಜಿಯರು. ಗುಜರಾತಿನ ಕಡೆಯವರಂತೂ ಮೂರು ತಲೆಮಾರು ಒಟ್ಟಿಗೆ ಬಂದು, ತೊಟ್ಟಿಲಿನ ಕೂಸನ್ನೂ ತಂದಿದ್ದರು. ಮನೆಯವರನ್ನು ಬಿಟ್ಟು ಬಂದ ಗಂಡಸು ಆ ಹಾಲಿನಲ್ಲಿ ಅವರೊಬ್ಬರೇ ಇದ್ದರೇನೋ. ಒಂಟಿ ಗಂಡಸರು ಮಕ್ಕಳ ಕಡೆ ಸುಳಿದರೆ ತಾಯಂದಿರು ದುರುಗುಟ್ಟಿ ನೋಡುತ್ತಾರೆ ಎಂದು ಅತ್ತೆಯ ಹತ್ತಿರ ದುಃಖ ತೋಡಿಕೊಂಡರು. ಅಂದಿನಿಂದ ಮೂರು ಹೊತ್ತೂ ನಮ್ಮ ಟೇಬಲ್ಲಿಗೇ ಬಂದರು. ಹೆಂಡತಿಗೆ ಫೋನು ಮಾಡೋಣವೆಂದರೆ ಸಿಗ್ನಲ್ಲಿಲ್ಲ, ಇಂಟರ್‌ನೆಟ್ಟಿಗೆ ಬೇರೆ ದುಡ್ಡು. ಕಂಪನಿಯವರು ಎಲ್ಲ ಕೊಟ್ಟಿದ್ದಾರೆ ಅಂದುಕೊಂಡು ಅವರು ಮೊದಲ ದಿನವೇ ಬಾಯಿಗೆ ಬಂದದ್ದೆಲ್ಲ ತರಿಸಿ ಕುಡಿದಿದ್ದರು. ಅದಕ್ಕೂ ಬೇರೆ ದುಡ್ಡು ಎಂದು ಆಮೇಲೆ ಗೊತ್ತಾಗಿ, ಮಜ್ಜಿಗೆಗೆ ಇಳಿದರು.

ಇನ್ನು ವಾಂತಿಯ ವಿಷಯ. ಗಂಡನ ಬಸ್ಸಿನ ಹೊಟ್ಟೆಯನ್ನು ಇಪ್ಪತ್ತೈದು ವರ್ಷ ಆಡಿಕೊಂಡವಳು ನಾನು. ಎರಡನೆಯ ದಿನ ಬೆಳಿಗ್ಗೆ ಗಾಳಿ ಎದ್ದು ಹಡಗು ಮೆಲ್ಲಗೆ ತೊಟ್ಟಿಲಿನ ಹಾಗೆ ತೂಗತೊಡಗಿದಾಗ ಮಲಗಿದ ನಾನು ಮಧ್ಯಾಹ್ನದವರೆಗೆ ಏಳಲಿಲ್ಲ. ನೋಡಿಕೊಳ್ಳಬೇಕಾದವಳನ್ನು ಅತ್ತೆಯೇ ನೋಡಿಕೊಂಡರು. ಹೊರಗೆ ಹೋಗಿ, ಕೋಣೆ ಗುಡಿಸುವವನಿಗೆ ಹೊಟ್ಟೆ ತೋರಿಸಿ, ಬಾಯಿ ತೋರಿಸಿ, ಏನೋ ಅಭಿನಯ ಮಾಡಿ, ಮಾತ್ರೆ, ಹಸಿರು ಸೇಬು, ಉಪ್ಪು ಬಿಸ್ಕತ್ತು ತಂದರು. ಆ ಅಭಿನಯಕ್ಕೆ ಅವನು ನಾನು ಬಸುರಿ ಅಂದುಕೊಂಡಿದ್ದನೆಂದು ಆಮೇಲೆ ತಿಳಿಯಿತು. ಇಳಿಯುವವರೆಗೂ ನನ್ನನ್ನು ಕಂಡಾಗಲೆಲ್ಲ ಬಹಳ ಗೌರವದಿಂದ ದಾರಿ ಬಿಡುತ್ತಿದ್ದ.

ಮಾತ್ರೆಯ ನಿದ್ದೆಯಿಂದ ಎದ್ದಾಗ ಕೋಣೆಯಲ್ಲಿ ಅತ್ತೆ ಇರಲಿಲ್ಲ. ಒಂದೇ ಥರದ ನೂರಾರು ಬಾಗಿಲುಗಳ ಓಣಿ, ಅಕ್ಷರ ಕನ್ನಡವಲ್ಲ, ಅವರ ಹತ್ತಿರ ಫೋನೂ ಇಲ್ಲ. ಊಟದ ಹಾಲು, ನಾಟಕದ ಹಾಲು, ಅಂಗಡಿ ಸಾಲು, ಎಲ್ಲ ಸುತ್ತಿದೆ. ಚನ್ನಗಿರಿಯವರೂ ಸೂಟಿನಲ್ಲೇ ಬೆವರುತ್ತ ಜೂಜಿನ ಕೋಣೆಯನ್ನೂ ನೋಡಿಬಂದರು. ಕಡೆಗೆ ಅತ್ತೆ ಮೇಲ್ಮಹಡಿಯ ಈಜುಕೊಳದ ಅಂಚಿನಲ್ಲಿ ಸಿಕ್ಕರು. ನಾಲ್ಕು ಗುಜರಾತಿ ಅಜ್ಜಿಯರ ನಡುವೆ, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು, ಪಾದ ನೀರಲ್ಲಿ ಬಿಟ್ಟು ಕೂತಿದ್ದರು. ಅವರಿಗೆ ಕನ್ನಡ ಬರದು, ಇವರಿಗೆ ಗುಜರಾತಿ ಬರದು, ಆದರೂ ಮಂಡಿನೋವಿನ ವಿಷಯ ಬಹಳ ಮುಂದುವರಿದಿತ್ತು. ನಾನು ಏದುಸಿರು ಬಿಡುತ್ತಿದ್ದರೆ ಅತ್ತೆ, ಇದು ಸಮುದ್ರದ ನೀರೇನವ್ವಾ ಎಂದು ಕೇಳಿದರು. ಅಲ್ಲಾರಿ, ಔಷಧಿ ಹಾಕಿದ ಕೊಳಾಯಿ ನೀರು ಅಂದೆ. ಅವರು ಪಾದ ತೆಗೆದು ಸೆರಗಿನಿಂದ ಒರೆಸಿಕೊಂಡರು. ಕಂಬಿಯ ಹತ್ತಿರ ಹೋಗಿ ಕೆಳಗೆ ನೋಡಿದರು. ಹತ್ತು ಮಹಡಿ ಆಳದಲ್ಲಿ ಸಮುದ್ರ ಓಡುತ್ತಿತ್ತು.

"ಇಷ್ಟು ನೀರಿನ ಮೇಲೆ ಹೋಗ್ತಾ ಐದೀವಿ, ಒಂದು ಹನಿ ಮುಟ್ಟಾಕೆ ಇಲ್ಲ ನೋಡು" ಅಂದರು.

ನಾಳೆ ದ್ವೀಪದಲ್ಲಿ ಇಳಿದಾಗ ಮುಟ್ಟುವಿರಂತೆ ಎಂದು ಸಮಾಧಾನ ಮಾಡಿದೆ. ಮರುದಿನ ಎಲ್ಲರೂ ಟೋಪಿ ಹಾಕಿಕೊಂಡು, ಎಣ್ಣೆ ಹಚ್ಚಿಕೊಂಡು ತಯಾರಾದರು. ದೂರದಲ್ಲಿ ತೆಂಗಿನ ಗೆರೆಯೊಂದು ಕಂಡಿತು. ಆಗ ಮೈಕಿನಲ್ಲಿ ಹೇಳಿದರು: ಅಲೆ ಜಾಸ್ತಿ ಇದೆ, ಸಣ್ಣ ದೋಣಿಗೆ ಇಳಿಸಲಾಗದು, ದ್ವೀಪ ರದ್ದು. ಚೀಟಿಯಲ್ಲಿ ಬರೆದ ಊರಿಗೆ ಹಡಗು ಬಸ್ಸಿನ ಹಾಗೆ ಹೋಗಿ ನಿಂತೇ ನಿಲ್ಲುತ್ತದೆ ಅಂದುಕೊಂಡಿದ್ದವರೆಲ್ಲ ಗದ್ದಲ ಎಬ್ಬಿಸಿದರು. ಹಡಗು ಅರ್ಧ ಸುತ್ತು ತಿರುಗಿ ಹೊರಟಿತು. ಹೀಗೆ ನಾವು ಲಕ್ಷದ್ವೀಪ ನೋಡಿದೆವು.

ಆ ಸಂಜೆ ಊಟಕ್ಕೆ ಮುಂಚೆ ಕೋಣೆಯಲ್ಲಿ ಅತ್ತೆ ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗ ಇಟ್ಟು ಪೂಜೆ ಮುಗಿಸಿದರು. ನನಗೆ ನಾಚಿಕೆಯಾಗುತ್ತಿತ್ತು. ಗಂಡನ ಸುಳ್ಳಿನಲ್ಲಿ ನನ್ನದೂ ಪಾಲಿತ್ತಲ್ಲ. ಕೊನೆಗೆ ಬಾಯಿಬಿಟ್ಟು, ಅತ್ತೆ, ಇಲ್ಲಿ ಗುಡಿ ಇಲ್ಲರೀ, ನಿಮ್ಮ ಮಗ ನೀವು ಬರಲಿ ಅಂತ ಹಂಗೆ ಹೇಳಿದ್ರು ಅಂದೆ. ಅವರಿಗೆ ಬೇಜಾರಾಗುತ್ತದೆ ಅಂದುಕೊಂಡಿದ್ದೆ. ಅವರು ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕರಡಿಗೆಯಲ್ಲಿಟ್ಟು ಮುಚ್ಚಿದರು.

"ಇಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು. ಬಣ್ಣದ ಕಂಪನಿಯೋರು ಗುಡಿ ಯಾಕೆ ಕಟ್ತಾರೆ? ನಿಮ್ಮ ಮಾವನೋರು ಇದ್ದಾಗಿಂದ ನನ್ನನ್ನ ಕರ್ಕೊಂಡು ಹೋದ ಕಡೆಯೆಲ್ಲ ದೇವ್ರೇ ಇದ್ದ. ಶ್ರೀಶೈಲ, ಧರ್ಮಸ್ಥಳ, ಉಳವಿ. ದೇವ್ರಿಲ್ಲದ ಕಡೆ ಒಂದು ಸಲ ಸುಮ್ನೆ ಹೋಗಿ ಕೂತು ಬರಬೇಕು ಅಂತ ಆಸೆ ಇತ್ತು. ಕೇಳಾಕೆ ಆಗ್ತಿರಲಿಲ್ಲ."

ಮದುವೆಯಾದಾಗಿನಿಂದ ಅವರ ರಕ್ತದೊತ್ತಡ, ಅವರ ಉಪ್ಪು ಖಾರ, ಅವರ ಮುನಿಸು ಎಲ್ಲ ನನಗೆ ಬಾಯಿಪಾಠ. ಅವರಿಗೆ ಸುಮ್ಮನೆ ಎಲ್ಲಾದರೂ ಹೋಗಿ ಕೂರುವ ಆಸೆ ಇರಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ. ಅವತ್ತು ಟಿವಿ ಆರಿಸಿ ಅವರನ್ನು ಮೇಲಕ್ಕೆ ಕರೆದುಕೊಂಡು ಹೋದೆ. ಕುರ್ಚಿ ಎಳೆದುಕೊಂಡು ಇಬ್ಬರೂ ಹೊತ್ತು ಮುಳುಗುವುದನ್ನು ನೋಡಿದೆವು. ಪಕ್ಕದಲ್ಲಿ ಹಾಡು ಕಿವಿ ಹರಿಯುವಂತೆ ಬಡಿಯುತ್ತಿತ್ತು. ಅತ್ತೆ ಚಪ್ಪಲಿ ಬಿಟ್ಟು, ಕಾಲು ಮೇಲಿಟ್ಟುಕೊಂಡು, ಯಾರನ್ನೂ ಏನೂ ಬೇಡಿಕೊಳ್ಳದೆ ಕೂತಿದ್ದರು.

ಮುಂಬೈಯಲ್ಲಿ ಇಳಿದ ಮೇಲೆ ನಮ್ಮ ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ಟ್ಯಾಕ್ಸಿ ಹಿಡಿದು ಅತ್ತೆಯನ್ನು ಚೌಪಾಟಿಗೆ ಕರೆದೊಯ್ದೆ. ಚನ್ನಗಿರಿಯವರೂ ಬಂದರು. ಇಡೀ ಪ್ರವಾಸದಲ್ಲಿ ನಾವು ಸಮುದ್ರಕ್ಕೆ ಹತ್ತಿರವಾದದ್ದು ಹಡಗಿನಿಂದ ಇಳಿದ ಮೇಲೆ. ನೀರು ಮಣ್ಣು ಬಣ್ಣಕ್ಕಿತ್ತು, ಹಾಲಿನ ಕವರು, ಹೂವಿನ ಹಾರ ತೇಲುತ್ತಿದ್ದವು. ಅತ್ತೆ ಅಲೆಯ ತುದಿಯಲ್ಲಿ ನಿಂತು, ಬಗ್ಗಿ, ಒಂದು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು. ಹೌದು, ಉಪ್ಪೇ ಐತೆ ಅಂದರು. ಅಷ್ಟು ಹೊತ್ತಿಗೆ ಒಂದು ದೊಡ್ಡ ಅಲೆ ಬಂದು ಮೂವರನ್ನೂ ಸೊಂಟದವರೆಗೆ ತೋಯಿಸಿತು. ಸೂಟು ಸೇರಿ.

ಊರಿಗೆ ಬಂದ ಮೇಲೆ ನನ್ನ ಅಕ್ಕ, ಈಜು ಪರೀಕ್ಷೆಯಲ್ಲಿ ಹೆಂಗೆ ಪಾಸಾದೆ ಎಂದು ಕೇಳಿದಳು. ಪರೀಕ್ಷೆಯೇ ಇರಲಿಲ್ಲ ಅಂದರೆ, ನಿಮಗೆ ಕಂಪನಿಯೋರು ಹೇಳಿ ಬಿಡಿಸಿರಬೇಕು ಅಂದಳು. ಚನ್ನಗಿರಿಯವರು ಈಗಲೂ ತಮ್ಮ ಅಂಗಡಿಯಲ್ಲಿ ಹಡಗು ಮನೆಯವರಿಗಲ್ಲ ಎಂದೇ ಹೇಳುತ್ತಾರಂತೆ. ಹೆಂಡತಿ ಅಲ್ಲೇ ಕೂತು ಕೇಳುತ್ತಿರುತ್ತಾರಲ್ಲ, ಬೇರೆ ಏನು ಹೇಳಲು ಸಾಧ್ಯ? ನಾವು ಬಂದ ಮರುತಿಂಗಳು ಜಗಳೂರಿನಲ್ಲಿ ಅತ್ತೆಯ ತಮ್ಮನ ಮೊಮ್ಮಗುವಿನ ನಾಮಕರಣವಿತ್ತು. ಅಲ್ಲಿ ಹೆಂಗಸರೆಲ್ಲ ಅತ್ತೆಯನ್ನು ಸುತ್ತುವರಿದರು. ಲಕ್ಷದ್ವೀಪ ಹೆಂಗಿತ್ತು ಎಂದು ಕೇಳಿದಾಗ ಅತ್ತೆ, ಬರೀ ತೆಂಗು, ನಮ್ಮ ಕೆರೆಬಿಳಚಿ ಕಡೆ ತೋಟ ಇದ್ದಂಗೇ ಐತೆ, ಹೋಗೋವಂಥಾದ್ದೇನಿಲ್ಲ ಎಂದು ಬಹಳ ಖಚಿತವಾಗಿ ಹೇಳಿದರು. ನಾನು ತಿದ್ದಲು ಬಾಯಿ ತೆರೆದೆ. ಅವರು ನನ್ನ ಕಡೆ ಒಮ್ಮೆ ನೋಡಿದರು. ನಾನು ಹೋಳಿಗೆ ತಿಂದೆ.

ಈ ವರ್ಷ ಗುರಿ ಮುಟ್ಟಿದರೆ ಏನು ಕೊಡುತ್ತಾರೋ ಕಂಪನಿಯವರು ಇನ್ನೂ ಹೇಳಿಲ್ಲ. ಆದರೂ ಅತ್ತೆ ಮಗನನ್ನು ಕಾಡಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿಸಿದ್ದಾರೆ. ಹೋದ ವಾರ ವಿಚಾರಣೆಗೆಂದು ಪೊಲೀಸರೊಬ್ಬರು ಮನೆಗೆ ಬಂದಿದ್ದರು. ಕುರ್ಚಿಯಲ್ಲಿ ಕೂತು, ಚಹಾ ಕುಡಿದು, ಯಾವ ದೇಶಕ್ಕೆ ಹೊರಟೀರಿ ಅಜ್ಜಿ ಎಂದು ಕೇಳಿದರು. ಅತ್ತೆ ಸ್ವಲ್ಪ ಯೋಚಿಸಿ, ಅದಿನ್ನೂ ಗೊತ್ತಿಲ್ಲಪ್ಪ, ನೀವು ಬರಕೊಂಡು ಹೋಗ್ರಿ ಅಂದರು.