ಅಕ್ಕ ಮತ್ತು ನಾನು

ನಮ್ಮಮ್ಮನಿಗೆ ತನ್ನ ತಾಯಿಯ ಮುಖ ಗೊತ್ತಿರಲಿಲ್ಲ. ಅವಳಿಗೆ ಎರಡು ವರ್ಷವಾಗಿದ್ದಾಗ ಅಜ್ಜಿ ಜ್ವರ ಬಂದು ತೀರಿಕೊಂಡಳು. ಎರಡು ವರ್ಷದ ಮಗು ಏನನ್ನು ನೆನಪಿಟ್ಟುಕೊಳ್ಳುತ್ತದೆ? ಒಂದು ವಾಸನೆಯೂ ಇಲ್ಲ, ಒಂದು ದನಿಯೂ ಇಲ್ಲ, ಏನೂ ಇಲ್ಲ ಎನ್ನುತ್ತಿದ್ದಳು ಅಮ್ಮ.

ಅವಳ ತವರು ಅಲ್ಲಾಳಸಂದ್ರ. ಮಹಾಲಯ ಅಮಾವಾಸ್ಯೆಯ ದಿನ ಅಲ್ಲಿ ಹಿರಿಯರ ಹಬ್ಬ. ಗೋಡೆಯ ಪಟಗಳನ್ನೆಲ್ಲ ಇಳಿಸಿ, ಒರೆಸಿ, ಸಾಲಾಗಿಟ್ಟು ಎಡೆ ಹಾಕುತ್ತಿದ್ದರು. ತಾತನಿಗೆ ಪಟವಿತ್ತು, ತಾತನ ಅಪ್ಪನಿಗೂ ಯಾರೋ ಬರೆದುಕೊಟ್ಟ ಚಿತ್ರವಿತ್ತು. ಅಜ್ಜಿಯ ಜಾಗದಲ್ಲಿ ಮಾತ್ರ ಒಂದು ಹೊಸ ಸೀರೆ ಮಡಿಸಿಟ್ಟು, ಮೇಲೆ ಹೂವಿಡುತ್ತಿದ್ದರು. ಅಮ್ಮ ಆ ಸೀರೆಗೆ ಕೈಮುಗಿಯುತ್ತಿದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ ಅವಳ ಗೊಣಗಾಟ ಶುರುವಾಗುತ್ತಿತ್ತು. “ಬೆಳಿಗ್ಗೆ ಅಂಗಡಿಯಿಂದ ತಂದ ಸೀರೆ. ಅದಕ್ಕೆ ಏನಂತ ಕೈಮುಗೀಲಿ ಹೇಳು. ಒಂದ್ಸಲ ಮುಖ ನೋಡಿದ್ರೆ ಸಾಕಿತ್ತು ನಂಗೆ.”

ನಾವಿದ್ದದ್ದು ಮತ್ತಿಕೆರೆಯಲ್ಲಿ. ಅಪ್ಪ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಕೆಲಸಗಾರರ ಹಾಜರಿ ನೋಡಿಕೊಳ್ಳುವ ಗುಮಾಸ್ತ. ಅವರ ಪ್ರಕಾರ ಲೋಕದಲ್ಲಿ ಎರಡೇ ಬಗೆಯ ಸಂಗತಿಗಳು: ಬರೆದಿಟ್ಟದ್ದು, ಸುಳ್ಳು. ಯಾರಾದರೂ ಊರಿನ ಹಳೆಯ ಕಥೆ ಶುರುಮಾಡಿದರೆ ಕನ್ನಡಕ ಏರಿಸಿ “ಎಲ್ಲಿ ಬರೆದಿದೆ?” ಎಂದು ಕೇಳಿ ಆ ಕಥೆಯ ಕತ್ತು ಹಿಸುಕಿಬಿಡುತ್ತಿದ್ದರು. ನಾನೂ ಅವರ ಮಗಳೇ. ಕಚೇರಿಯೊಂದರಲ್ಲಿ ಕನ್ನಡ ಟೈಪಿಸ್ಟ್ ಆಗಿ ಸೇರಿದ ಮೇಲಂತೂ ಕಾಗದಕ್ಕಿಂತ ದೊಡ್ಡ ಸಾಕ್ಷಿಯಿಲ್ಲ ಎಂದೇ ನಂಬಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ನನ್ನ ಸೋದರಮಾವ ತೀರಿಕೊಂಡರು. ಅಮ್ಮನಿಗಿಂತ ಹತ್ತು ವರ್ಷ ದೊಡ್ಡವರು, ಮಾತು ಕಡಿಮೆ. ತಾಯಿಯ ವಿಷಯ ಎತ್ತಿದರೆ ಎದ್ದು ದ್ರಾಕ್ಷಿ ತೋಟಕ್ಕೆ ಹೊರಟುಬಿಡುತ್ತಿದ್ದರು. ಅವರ ಟ್ರಂಕಿನ ತಳದಲ್ಲಿ, ಹಳೆಯ ಪಂಚಾಂಗದ ನಡುವೆ ಒಂದು ಫೋಟೋ ಸಿಕ್ಕಿತು. ಸ್ಟುಡಿಯೋದಲ್ಲಿ ತೆಗೆಸಿದ್ದು. ಕುರ್ಚಿಯ ಮೇಲೆ ಸೀರೆ ಉಟ್ಟ ಹೆಂಗಸು. ಎರಡೂ ಭುಜ ಮುಚ್ಚಿ ಮೊಣಕಾಲಿನವರೆಗೂ ಇಳಿಬಿಟ್ಟ ಸೆರಗು, ಅಗಲ ಹಣೆ, ತುಸು ಮೇಲೆದ್ದ ಮೂಗು. ಪಕ್ಕದಲ್ಲಿ ಒಂಬತ್ತು ಹತ್ತರ ಹುಡುಗ. ಅವನ ಕೋಟು ಯಾರದೋ. ತೋಳು ಬೆರಳುಗಳನ್ನು ನುಂಗಿತ್ತು. ಹಿಂದೆ ಶಾಯಿಯಲ್ಲಿ, ಈಗಷ್ಟೇ ಅಕ್ಷರ ಕೂಡಿಸಲು ಕಲಿತವರ ಬರಹ: ‘ಅಕ್ಕ ಮತ್ತು ನಾನು.’

ಮಾವನಿಗೊಬ್ಬಳು ಅಕ್ಕ ಇದ್ದದ್ದು ಎಲ್ಲರಿಗೂ ಗೊತ್ತಿತ್ತು. ಅಮ್ಮ ಹುಟ್ಟುವ ಹೊತ್ತಿಗೇ ಮದುವೆಯಾಗಿ ದೂರದ ಊರಿಗೆ ಹೋಗಿ, ಮೊದಲ ಬಾಣಂತನದಲ್ಲೇ ಹೋದವಳು. ಅವಳ ಮುಖ ನೋಡಿದವರೂ ಆ ಮನೆಯಲ್ಲಿ ಉಳಿದಿರಲಿಲ್ಲ. ಕುರ್ಚಿಯ ಹೆಂಗಸು ಹದಿನಾಲ್ಕು ಹದಿನೈದರ ಹುಡುಗಿಯಂತೆ ಕಾಣುತ್ತಿರಲಿಲ್ಲ ಎಂಬುದು ನಿಜ. ಆದರೆ ಆ ಕಾಲದಲ್ಲಿ ಸೀರೆ ಸುತ್ತಿ ಕುಂಕುಮವಿಟ್ಟರೆ ಹುಡುಗಿಯರೆಲ್ಲ ಹೆಂಗಸರೇ ಎಂದು ನಾವೇ ಸಮಾಧಾನ ಹೇಳಿಕೊಂಡೆವು. ಅಪ್ಪನಿಗಂತೂ ಆ ಸಮಾಧಾನವೂ ಬೇಕಿರಲಿಲ್ಲ. “ಅಕ್ಕ ಅಂತ ಸ್ಪಷ್ಟವಾಗಿ ಬರೆದಿದೆಯಲ್ಲ, ಇನ್ನೇನು?” ಎಂದು ಯಶವಂತಪುರದಲ್ಲಿ ಕಟ್ಟು ಹಾಕಿಸಿ ತಂದು, ರೇಡಿಯೋದ ಮೇಲಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು.

ಅಮ್ಮನಿಗೂ ಆ ಪಟಕ್ಕೂ ಅಂದಿನಿಂದ ದಿನಾ ಮಾತುಕತೆ. “ಮೂಗು ನೋಡು ಇವ್ಳದ್ದು, ಎಷ್ಟು ಜಂಬ” ಎನ್ನುತ್ತಿದ್ದಳು. ಹಬ್ಬದ ದಿನ ಹೂ ಮುಡಿಸಿ, “ತಗೋ, ತವರಿನ ಹೂವಲ್ಲ, ಮತ್ತಿಕೆರೆ ಮಾರ್ಕೆಟ್ಟಿನದು” ಎಂದು ಕಿಚಾಯಿಸುತ್ತಿದ್ದಳು. ಒಂದು ಮಧ್ಯಾಹ್ನ ನಾನು ಕಚೇರಿಯಿಂದ ಬೇಗ ಬಂದೆ. ಅಮ್ಮ ಪಟದ ಮುಂದೆ ನಿಂತಿದ್ದಳು. “ನೀನಾದ್ರೂ ನೋಡಿದ್ದೆ ಕಣೇ ಅಮ್ಮನ್ನ” ಎಂದಳು. ಆ ದನಿಯಲ್ಲಿ ಹೊಟ್ಟೆಕಿಚ್ಚಿತ್ತು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಮತ್ತೆ ಹೊರಗೆ ಹೋಗಿ, ಸ್ವಲ್ಪ ಹೊತ್ತು ಬಿಟ್ಟು ಗೇಟು ಸದ್ದು ಮಾಡಿಕೊಂಡು ಬಂದೆ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮಾವನ ಜಮೀನಿನ ಖಾತೆ ಬದಲಾಯಿಸಬೇಕಾಯಿತು. ವಂಶವೃಕ್ಷ ಬರೆಸಿ, ಮನೆತನದ ಎಲ್ಲ ಕವಲಿನವರ ರುಜು ತರಬೇಕೆಂದರು. ಟೈಪು ಮಾಡುವ ಕೆಲಸ ಸಹಜವಾಗಿ ನನ್ನ ಪಾಲಿಗೆ ಬಂತು. ಕೊಟ್ಟ ಕರಡಿನಲ್ಲಿ ಅಜ್ಜಿ ‘ಮೊದಲನೇ ಹೆಂಡತಿ (ಮೃತ)’ ಅಷ್ಟೇ. ನನಗೆ ರೇಗಿತು. ಎರಡು ಮಕ್ಕಳನ್ನು ಹೆತ್ತು ಮೂರನೆಯದಕ್ಕೆ ಎರಡು ವರ್ಷವಾಗುವಷ್ಟರಲ್ಲಿ ಹೋದವಳಿಗೆ ಒಂದು ಹೆಸರೂ ಇಲ್ಲವೇ? ಅಮ್ಮನನ್ನು ಕೇಳಿ ಹೆಸರು ಸೇರಿಸಿದೆ. ಅಮ್ಮ ಅದನ್ನು ಎರಡು ಸಲ ಓದಿಕೊಂಡು, “ಹೆಸರಾಯ್ತು” ಎಂದು ಕಾಗದ ವಾಪಸು ಕೊಟ್ಟಳು. ಮುಖವಾಗಲಿಲ್ಲ ಎಂದು ಬಾಯಿಬಿಟ್ಟು ಹೇಳಲಿಲ್ಲ.

ಒಂದು ಹೆಬ್ಬೆಟ್ಟು ಮಾತ್ರ ಬಾಕಿಯಿತ್ತು, ತಾತನ ತಮ್ಮನ ಹೆಂಡತಿಯದು. ಬಾವಿ ನೀರಿನ ಸರದಿಯ ಮೇಲೆ ಜಗಳವಾಗಿ ಅಣ್ಣತಮ್ಮಂದಿರು ಬೇರೆಯಾದ ದಿನದಿಂದ ಎರಡು ಮನೆಗೂ ಮಾತಿರಲಿಲ್ಲ. ಆಕೆ ಅಮೃತಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಳು. ಊರಿನವರು ಯಾರೂ ಹೋಗಲು ಒಪ್ಪದೆ ನನ್ನನ್ನು ಮುಂದೆ ಮಾಡಿದರು. ನಾನು ಬ್ಯಾಟರಾಯನಪುರದಲ್ಲಿ ಬಸ್ಸಿಳಿದು, ಕಾಗದ ಮತ್ತು ಶಾಯಿ ಪ್ಯಾಡು ಹಿಡಿದು ನಡೆದೆ. ಜಕ್ಕೂರಿನ ಚಿಕ್ಕ ವಿಮಾನವೊಂದು ತಲೆಯ ಮೇಲೆ ಗಿರಕಿ ಹೊಡೆಯುತ್ತಿತ್ತು.

ಚಿಕ್ಕಜ್ಜಿ ಜಗಲಿಯ ಬಿಸಿಲಿನಲ್ಲಿ ಕೂತಿದ್ದಳು. ಎರಡೂ ಕಣ್ಣಿಗೆ ಪೊರೆ. ಯಾರ ಮಗಳು ಎಂದು ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದರೆ, ಸರಿದು ಜಾಗ ಕೊಟ್ಟಳು. ಮರುಮಾತಿಲ್ಲದೆ ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ಸೀರೆಗೆ ಒರೆಸಿಕೊಂಡು ಕೇಳಿದಳು.

“ಇದ್ರಾಗೆ ಅಕ್ಕನ ಎಸ್ರು ಬರ್ದಿದೀಯೇನಮ್ಮೀ?”

“ಬರೆದಿದೀನಿ ಅಜ್ಜಿ. ದೊಡ್ಡಮ್ಮನ ಹೆಸರು ಮಾವನ ಮೇಲ್ಗಡೆ ಇದೆ.”

“ಆ ಉಡುಗೀದಲ್ಲ ಕಣಮ್ಮೀ. ಅಕ್ಕಂದು. ನಿಮ್ಮಜ್ಜೀದು.”

“ಅಜ್ಜಿಯನ್ನ ಅಕ್ಕ ಅಂತೀರಾ?”

“ಇನ್ನೇನಂತಾರೆ? ಅವ್ಳು ಇರೀಸೊಸೆ, ನಾನು ಕಿರೀಸೊಸೆ. ನಾನು ಅಕ್ಕಾ ಅಂತಿದ್ದೆ. ನಿಮ್ಮಾವ ನನ್ ಸೊಂಟದ್ ಮೇಲೇ ಬೆಳ್ದೋನು, ನನ್ ಬಾಯ್ ನೋಡ್ಕೊಂಡೇ ಮಾತು ಕಲ್ತ. ಅವ್ನೂ ಎತ್ತ ತಾಯ್ನ ಅಕ್ಕಾ ಅಂತಿದ್ದ. ಅಮ್ಮ ಅನ್ನೋ ಅಂತ ಒಡುದ್ರೂ ಅನ್ಲಿಲ್ಲ. ಒಡುಟ್ಟಿದೋಳ್ನ ಮಾತ್ರ ಎಸ್ರಿಡ್ದು ಕರ್ದು ಬೈಸ್ಕೊಳ್ಳೋನು.”

ಮಾವ ಅಕ್ಕನ ಜೊತೆ ಯಾವಾಗಲಾದರೂ ಪಟ ತೆಗೆಸಿಕೊಂಡಿದ್ದರೇ ಎಂದು ಕೇಳಿದೆ.

ಚಿಕ್ಕಜ್ಜಿ ಬಾಯಿಗೆ ಸೆರಗು ಅಡ್ಡಹಿಡಿದಳು. “ಅದಿನ್ನೂ ಐತಾ? ಕೋಟಿನ ತೋಳು ಇಷ್ಟುದ್ದ ಐತಾ?”

“ಇದೆ ಅಜ್ಜಿ.”

“ಪಟದೋನ ಕೋಟು ಅದು. ಉಡ್ಗನ್ನ ಪೇಟೆ ಇಸ್ಕೂಲ್ಗೆ ಸೇರ್ಸೋಕೆ ಓಗಿದ್ವಿ. ಪಟ ಬೇಕೇ ಬೇಕು ಅಂತ ಅಟ ಇಡ್ದ. ಅಕ್ಕ ಏಳು ತಿಂಗ್ಳ ಬಸ್ರಿ. ಬಸ್ರಿ ಪಟ ತೆಗೆಸ್ಕೊಂಡ್ರೆ ಆಯಸ್ಸು ಕಮ್ಮಿ ಆಯ್ತದೆ ಅಂತ ನಮ್ಮತ್ತೆ ಏಳಿದ್ರು. ಅದ್ಕೇ ಒಟ್ಟೆ ಕಾಣ್ದಂಗೆ ನಾನೇ ಸೆರಗು ಮಂಡೀಗಂಟ ಇಳಿಬಿಟ್ಟು, ಬುತ್ತಿಗಂಟು ಕಾಯ್ಕೊಂಡು ಬಾಗ್ಲಾಗೆ ನಿಂತೆ. ಅಕ್ಕ ಓದ್ಮೇಲೆ ಅತ್ತೆ ಸಾಯೋಗಂಟ ಆ ಪಟದ್ ಮೇಲೇ ತಪ್ಪು ಒರ್ಸಿದ್ರು. ಪಟ ಕೇಳ್ದೋನು ಅವ್ನು ನೋಡು, ಪಾಪ. ಎಲ್ಲಿ ಬಚ್ಚಿಟ್ನೋ ನಂಗೂ ತೋರಿಸ್ಲಿಲ್ಲ.”

ಮಾವ ಯಾಕೆ ತೋಟಕ್ಕೆ ಎದ್ದು ಹೋಗುತ್ತಿದ್ದರು ಎಂಬುದು ನನಗೆ ಅಂದು ಅರ್ಥವಾಯಿತು. ಹತ್ತು ವರ್ಷದವನಿದ್ದಾಗ ತಾನು ಹಟ ಮಾಡಿದ್ದಕ್ಕೇ ತಾಯಿ ಸತ್ತಳು ಎಂದು ನಂಬಿ ಬದುಕೆಲ್ಲ ಕಳೆದಿದ್ದರು. ಬದುಕಿದ್ದಾಗ ಯಾರೂ ಅವರನ್ನು ಸರಿಯಾಗಿ ಕೇಳಲಿಲ್ಲವಲ್ಲ ಎಂದು ಸಂಕಟವಾಯಿತು. ಅದರ ಹಿಂದೆಯೇ ಸಂತೋಷ ನುಗ್ಗಿ ಬಂತು. ಹೆಬ್ಬಾಳದವರೆಗೂ ಬಸ್ಸಿನಲ್ಲಿ ನಿಂತೇ ಬಂದೆ. ಸೀಟು ಖಾಲಿಯಿದ್ದದ್ದು ಕಾಣಲೇ ಇಲ್ಲ.

ಅಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಒಂದೂ ಬಿಡದೆ ಎಲ್ಲವನ್ನೂ ಹೇಳಿದೆ. ಅವಳ ಕೈ ನಿಂತಿತು. ಎದ್ದು ಒಳಗೆ ಬಂದು, “ಅದನ್ನ ಇಳಿಸ್ರೀ” ಎಂದಳು ಅಪ್ಪನಿಗೆ. ಅಪ್ಪ ‘ಎಲ್ಲಿ ಬರೆದಿದೆ’ ಎಂದು ಕೇಳಲಿಲ್ಲ. ಸ್ಟೂಲು ಹತ್ತಿ ಪಟ ಇಳಿಸಿ, ಧೂಳು ಒರೆಸಿ ಕೊಟ್ಟರು.

ಅಮ್ಮ ನೆಲದ ಮೇಲೆ ಕೂತು ಪಟವನ್ನು ಮಡಿಲಲ್ಲಿಟ್ಟುಕೊಂಡಳು. “ನಾಲ್ಕು ವರ್ಷದಿಂದ ಇವ್ಳ ಮೂಗು ಆಡ್ಕೊಂಡೆನಲ್ಲ” ಎಂದು ನಕ್ಕಳು. ಆಮೇಲೆ ಅತ್ತಳು. ನಾನೂ ಅತ್ತೆ. ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಬಹಳ ಹೊತ್ತು ಒರೆಸಿದರು.

“ಎಷ್ಟು ತಿಂಗ್ಳು ಅಂದ್ರು?” ಅಮ್ಮ ತಟ್ಟನೆ ಕೇಳಿದಳು.

“ಏಳು.”

“ಅಣ್ಣಂಗೆ ಆಗ ಹತ್ತು ವರ್ಷ, ಅಲ್ವಾ? ನಂಗಿಂತ ಹತ್ತು ವರ್ಷ ದೊಡ್ಡೋನು ಅವ್ನು.”

ಅವರೆಯ ಸೊಗಡು ಹತ್ತಿದ ಬೆರಳನ್ನು ಗಾಜಿನ ಮೇಲೆ, ಆ ಇಳಿಬಿಟ್ಟ ಸೆರಗಿನ ಮೇಲೆ ಇಟ್ಟು ಹಾಗೇ ಕೂತಳು. ಅಷ್ಟು ದೂರದ ದಾರಿಯುದ್ದಕ್ಕೂ ನನಗೆ ಹೊಳೆಯದ ಲೆಕ್ಕ ಅದು.

ಅಪ್ಪನಿಂದ ಕಟ್ಟಿನ ಮೊಳೆಗಳನ್ನು ಕೀಳಿಸಿ, ಫೋಟೋವನ್ನು ಬೋರಲು ಹಾಕಿಸಿಕೊಂಡು, ಪೆನ್ನು ಕೇಳಿದಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬರೆಯಲು ಸಮಯ ಹಿಡಿಯಿತು. ಅಣ್ಣ ಬರೆದದ್ದನ್ನು ಹೊಡೆದುಹಾಕಲಿಲ್ಲ. ‘ಅಕ್ಕ ಮತ್ತು ನಾನು’ ಎಂಬುದರ ಕೆಳಗೆ ಒಂದೇ ಒಂದು ಮಾತು ಸೇರಿಸಿದಳು: ‘ನಾನೂ.’