ಕೂಡಲು ಬಾರದ ಪ್ಯಾಂಟು

ನಾನು ಹೊಲಿಸಿದ ಮೊದಲ ಪ್ಯಾಂಟಿನಲ್ಲಿ ನಿಲ್ಲಬಹುದಿತ್ತು. ಉಸಿರು ಬಿಗಿಹಿಡಿದರೆ ನಾಲ್ಕು ಹೆಜ್ಜೆ ನಡೆಯಬಹುದಿತ್ತು. ಇದನ್ನು ಬಿಟ್ಟು ಮನುಷ್ಯರು ಮಾಡುವ ಯಾವ ಕೆಲಸವನ್ನೂ ಅದರೊಳಗೆ ಇದ್ದುಕೊಂಡು ಮಾಡಲು ಬರುತ್ತಿರಲಿಲ್ಲ. ಎಷ್ಟೋ ವರ್ಷದ ಹಿಂದಿನ ಮಾತಾದರೂ ನೆನೆಸಿಕೊಂಡರೆ ಈಗಲೂ ತೊಡೆ ಜುಮ್ಮೆನ್ನುತ್ತದೆ.

ಸಾಲೋಟಗಿಯಲ್ಲಿ ನಮ್ಮ ಓಣಿಯ ಗಂಡಸರೆಲ್ಲ ಧೋತರದವರು. ಅಪ್ಪನ ಪ್ರಕಾರ ಬಟ್ಟೆ ಅಂದರೆ ಮೈಗೆ ಗಾಳಿ ಆಡಬೇಕು, ಕಂಡಲ್ಲಿ ಕೂಡಲು ಬರಬೇಕು, ಬೇಕೆಂದಲ್ಲಿ ಅಡ್ಡಾಗಲು ಬರಬೇಕು. ಅವನು ಧೋತರದ ಚುಂಗಿನಲ್ಲೇ ಮುಖ ಒರೆಸುತ್ತಿದ್ದ, ಹೊಲದಲ್ಲಿ ಎಳೆ ಸೌತೆಕಾಯಿ ಸಿಕ್ಕರೆ ಅದರಲ್ಲೇ ಕಟ್ಟಿಕೊಂಡು ಬರುತ್ತಿದ್ದ. ನನ್ನ ಸಿದ್ಧಾಂತ ಬೇರೆ ಇತ್ತು. ಬಟ್ಟೆ ಇರುವುದು ಹಾಕಿಕೊಂಡವನ ಸುಖಕ್ಕಲ್ಲ, ನೋಡುವವರ ಹೊಟ್ಟೆಕಿಚ್ಚಿಗೆ. ಈ ಜ್ಞಾನ ನನಗೆ ಆದದ್ದು ವಿಜಾಪುರದಲ್ಲಿ ಕಾಲೇಜು ಓದುತ್ತಿದ್ದ ಚಿಕ್ಕಪ್ಪನ ಮಗನಿಂದ. ಅವನು ರಜೆಗೆ ಬಂದಾಗ ಕೊಳವೆಯಂಥ ಟೆರಿಲಿನ್ ಪ್ಯಾಂಟು ಹಾಕಿದ್ದ. ಊರ ನಾಯಿಗಳು ಕೂಡ ಬೊಗಳುವ ಮೊದಲು ಕೊಂಚ ವಿಚಾರ ಮಾಡಿದವು.

ಅದೇ ಸುಮಾರಿಗೆ ಸಿಂದಗಿಯಲ್ಲಿದ್ದ ನನ್ನ ಸೋದರಮಾವ, ಬಸವನ ಬಾಗೇವಾಡಿಯ ಒಬ್ಬ ಸಾವಕಾರರಿಗೆ ಹೇಳಿ ನನಗೆ ಗುಮಾಸ್ತನ ಕೆಲಸ ಗೊತ್ತು ಮಾಡಿದ. ಅವರದು ಅಡತಿ ಅಂಗಡಿ. ರೈತರು ತಂದ ಜೋಳ, ಕುಸುಬಿ, ಸೇಂಗಾ ಅಲ್ಲಿ ತೂಕವಾಗಿ ಮಾರಾಟವಾಗುತ್ತಿತ್ತು. ಸಂತೆಯ ದಿನ ಹೋಗಿ ಸಂಜೆಯತನಕ ಕೆಲಸ ಮಾಡಿ ತೋರಿಸಬೇಕು, ಮನಸ್ಸಿಗೆ ಬಂದರೆ ಇಟ್ಟುಕೊಳ್ಳುತ್ತಾರೆ, ಇಲ್ಲದಿದ್ದರೆ ಸಂಜೆಯ ರೈಲುಗಾಡಿಗೆ ವಾಪಸು ಎಂಬ ಮಾತಾಗಿತ್ತು. ವಾಪಸು ಬಂದರೆ ಅಪ್ಪನ ಹಿಂದೆ ಕುಂಟೆ ಹೊಡೆಯುವುದೇ ಗತಿ. ಅದನ್ನಾದರೂ ಸಹಿಸಬಹುದಿತ್ತು. ಆದರೆ ಅವ್ವ ನಾನು ಊರು ಬಿಡುವ ಮೊದಲೇ, ಮಗ ಗುಮಾಸ್ತನಾದ ಎಂದು ಓಣಿಯ ತುಂಬ ಸಕ್ಕರೆ ಹಂಚಿಬಿಟ್ಟಿದ್ದಳು. ತಿಂದವರ ಬಾಯಿಂದ ಅದನ್ನು ವಾಪಸು ತೆಗೆಯುವ ವಿದ್ಯೆ ನನಗೆ ಗೊತ್ತಿರಲಿಲ್ಲ.

ಇಂಥ ನೌಕರಿಗೆ ಪಾಯಿಜಾಮ ಹಾಕಿಕೊಂಡು ಹೋಗುವುದೇ? ಇದ್ದೆರಡು ಪಾಯಿಜಾಮಗಳನ್ನು ಮಹಾದಾನಿಯ ಹಾಗೆ ತಮ್ಮನಿಗೆ ಕೊಟ್ಟು ಇಂಡಿಗೆ ಹೋದೆ. ಅಲ್ಲಿ ನಮ್ಮ ಮನೆಯ ಬಟ್ಟೆಯನ್ನೆಲ್ಲ ಹೊಲಿಯುತ್ತಿದ್ದ ಟೇಲರ್ ಚಾಚಾ ಅಳತೆ ತೆಗೆದುಕೊಂಡರು. ನಾನು ಇನ್ನೂ ಬಿಗಿ, ಇನ್ನೂ ಬಿಗಿ ಎನ್ನುತ್ತ ಹೋದಂತೆ ಟೇಪನ್ನು ಕೊರಳಿಗೆ ಹಾಕಿಕೊಂಡು ನಿಂತುಬಿಟ್ಟರು.

"ತಮ್ಮಾ, ಇದರಾಗ ಮೊಣಕಾಲು ಹ್ಯಾಂಗ ಮಡಚಾಂವ ನೀ?"

"ಮಡಚೂದ ಇಲ್ರಿ ಚಾಚಾ. ಕುರ್ಚಿ ಮ್ಯಾಲ ಕುಂದ್ರೂ ನೌಕರಿ."

"ಕುರ್ಚಿ ಮ್ಯಾಲ ಕುಂತರೂ ಮೊಣಕಾಲು ಅಲ್ಲೇ ಇರತೈತಲೋ."

ಅವರ ಮಾತು ಸರಿಯಾಗಿತ್ತು. ನನಗೆ ಹದಿನೆಂಟು ವರ್ಷ, ಸರಿಯಾದ ಮಾತು ಕೇಳಲು ಪುರಸೊತ್ತಿರಲಿಲ್ಲ.

ಇಂಡಿ ರೋಡ್ ಸ್ಟೇಷನ್ನಿನಿಂದ ಬಾಗೇವಾಡಿ ರೋಡ್ ಸ್ಟೇಷನ್ನಿನ ತನಕ ರೈಲಿನಲ್ಲಿ ನಿಂತೇ ಹೋದೆ. ಒಬ್ಬ ಅಜ್ಜ ಸರಿದು ಜಾಗ ಮಾಡಿಕೊಟ್ಟ. ಬೇಡ ಅಂದೆ. ಆತ ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿ, ಬ್ಯಾನಿ ಎಲ್ಲಿ ಐತಿ ಎಂದು ಕನಿಕರದಿಂದ ವಿಚಾರಿಸಿದ.

ಸ್ಟೇಷನ್ನಿನಿಂದ ಊರಿನ ತನಕ ಬಸ್ಸಿನಲ್ಲೂ ನಿಂತೇ ಬಂದು ಅಂಗಡಿಯ ಹೊಸ್ತಿಲಲ್ಲಿ ಇಣುಕಿದೆ. ಅಲ್ಲಿ ಕುರ್ಚಿ ಇರಲಿಲ್ಲ. ಗೋಡೆಯಿಂದ ಗೋಡೆಗೆ ಗಾದಿ, ಅದರ ಮೇಲೆ ಬಿಳಿ ಹಾಸು, ಸುತ್ತ ಬೆನ್ನು ಒರಗಿಸಲು ಲೋಡುಗಳು, ಕೂತವನ ಎದೆಮಟ್ಟಕ್ಕೆ ಬರುವ ಒಂದು ಗಿಡ್ಡ ಮೇಜು. ಅಡತಿ ಅಂಗಡಿಗಳೆಲ್ಲ ಇರುವುದೇ ಹೀಗೆ. ಚಿಕ್ಕವನಿದ್ದಾಗಿನಿಂದ ಅಪ್ಪನ ಜೊತೆ ಅಂಥ ಅಂಗಡಿಗಳಿಗೆ ಹೋಗಿ ಅಂಥವೇ ಗಾದಿಗಳ ಮೇಲೆ ಉರುಳಾಡಿ ಬೈಸಿಕೊಂಡವನು ನಾನು. ಆದರೂ ನನ್ನ ಕನಸಿನಲ್ಲಿ ಮಾತ್ರ ಗುಮಾಸ್ತ ಕುರ್ಚಿಯ ಮೇಲೆ ಕುಳಿತು, ಕಾಲ ಮೇಲೆ ಕಾಲು ಹಾಕಿ, ಪ್ಯಾಂಟಿನ ಇಸ್ತ್ರಿಯ ಗೆರೆ ನೋಡಿಕೊಳ್ಳುತ್ತಿದ್ದ.

ಸಾವಕಾರರು ಬಾ, ಕುಂದ್ರು ಎಂದರು. ನಿಲ್ಲುತ್ತೇನೆ ಎಂದೆ. ಹಿರಿಯರ ಮುಂದೆ ಕೂಡದ ಸಂಭಾವಿತ ಹುಡುಗ ಎಂದು ಅವರಿಗೆ ಖುಷಿಯಾಯಿತು. ಮತ್ತೆ ಹೇಳಿದರು, ಮತ್ತೆ ನಿಂತೆ. ಖುಷಿ ಇಳಿಯಿತು. ಇನ್ನು ಕೂಡದೆ ಉಪಾಯವಿರಲಿಲ್ಲ. ಗೋಡೆ ಹಿಡಿದು, ಕಡಿದ ಬೇವಿನ ಗಿಡದ ಹಾಗೆ ಇಡಿಯಾಗಿ ವಾಲಿ ಗಾದಿಯ ಮೇಲೆ ಬಿದ್ದೆ. ಮಡಚದ ಕಾಲುಗಳು ನೆಟ್ಟಗೆ ಸಾವಕಾರರ ಕಡೆಗೂ ಅವರ ತಲೆಯ ಮೇಲಿದ್ದ ಲಕ್ಷ್ಮಿಯ ಪಟದ ಕಡೆಗೂ ಚಾಚಿದವು. ಗಾಬರಿಯಾಗಿ ಹೊರಳಿದೆ, ತಕ್ಕಡಿಗೆ ಪಾದ ತೋರಿಸಿದಂತಾಯಿತು. ಇನ್ನೊಂದು ಮಗ್ಗುಲಿಗೆ ಹೊರಳಿದೆ, ಒಳಗಿನಿಂದ ಚಹಾ ತಂದ ಸಾವಕಾರರ ತಾಯಿ ಎದುರಿಗೆ ಬಂದರು. ಆ ಅಂಗಡಿಯಲ್ಲಿ ಇದ್ದದ್ದೆಲ್ಲ ಕಾಲು ಚಾಚಬಾರದ ದಿಕ್ಕುಗಳೇ. ಆಯಿ ಚಹಾ ಇಟ್ಟು, ಕೂಸಿಗೆ ಕಾಲು ಸ್ವಾಧೀನ ಇಲ್ಲೇನು ಎಂದು ಮಗನನ್ನು ಮೆಲ್ಲಗೆ ಕೇಳಿದರು.

ಸಾವಕಾರರು ಮುಖ ಗಂಟು ಹಾಕಿಕೊಂಡು, ಬಾಗಿಲಲ್ಲಿ ನಿಂತು ಬರುವ ಚಕ್ಕಡಿಗಳನ್ನು ಒಳಗೆ ಕರೆ ಎಂದು ನನ್ನನ್ನು ಹೊರಗೆ ಅಟ್ಟಿದರು. ಚೀಲ ಹೊರುವ ಹಮಾಲನೊಬ್ಬ ನನ್ನನ್ನು ಎತ್ತಿ ನಿಲ್ಲಿಸಿದ. ನನಗೆ ಜೀವ ಬಂತು. ನಿಲ್ಲುವುದು ನನಗೆ ಬರುತ್ತಿದ್ದ ಒಂದೇ ಕೆಲಸ.

ಆದರೆ ಒಂದು ಚಕ್ಕಡಿಯೂ ಒಳಗೆ ಬರಲಿಲ್ಲ. ಮುಳವಾಡದ ಕಡೆಯಿಂದ ಬಂದವು ನಮ್ಮ ಅಂಗಡಿಯ ಸನಿಹಕ್ಕೆ ಬರುವುದು, ನನ್ನನ್ನು ನೋಡುವುದು, ಹಗ್ಗ ಜಗ್ಗಿ ಎದುರು ಸಾಲಿಗೆ ತಿರುಗುವುದು. ನಾನು ಇನ್ನೂ ನೆಟ್ಟಗೆ ನಿಂತೆ, ಸೊಂಟದ ಮೇಲೆ ಕೈ ಇಟ್ಟೆ, ಕ್ರಾಪು ತೀಡಿಕೊಂಡೆ. ಅವು ಇನ್ನೂ ಬೇಗ ತಿರುಗಿದವು. ಒಬ್ಬ ದೂರದಿಂದಲೇ ಕೈಮುಗಿದ. ನಾನು ದೊಡ್ಡ ಮನಸ್ಸು ಮಾಡಿ ತಲೆ ಆಡಿಸಿದೆ. ಆತ ಎತ್ತುಗಳನ್ನು ಓಡಿಸಿಕೊಂಡು ಹೋದ. ಮಧ್ಯಾಹ್ನದ ಹೊತ್ತಿಗೆ ಎದುರಿನ ಅಂಗಡಿಯಲ್ಲಿ ಚೀಲ ಇಡಲು ಜಾಗವಿರಲಿಲ್ಲ, ನಮ್ಮಲ್ಲಿ ಗುಬ್ಬಿಗೂ ಕಾಳಿರಲಿಲ್ಲ.

"ಏನ ಕಾಲ್ಗುಣನಪಾ ನಿಂದು," ಎಂದರು ಸಾವಕಾರರು. "ಸಂಜೀ ಗಾಡಿಗೆ ಊರಿಗೆ ನಡಿ."

ಅವ್ವನ ಮುಖ, ಓಣಿಯ ಮುಖಗಳೆಲ್ಲ ಸಾಲಾಗಿ ಕಣ್ಣ ಮುಂದೆ ಬಂದವು. ಅಷ್ಟರಲ್ಲಿ ಮುದ್ದೇಬಿಹಾಳದ ಕಡೆಯ ಒಬ್ಬ ವಯಸ್ಸಾದ ರೈತ ಚಕ್ಕಡಿ ದೂರ ನಿಲ್ಲಿಸಿ, ತಲೆಯ ರುಮಾಲು ಕೈಯಲ್ಲಿ ಹಿಡಿದು ನನ್ನೆದುರು ಬಂದು ನಿಂತ.

"ಸಾಹೇಬ್ರ, ನಮ್ಮ ಲೆವಿ ಎಲ್ಲಾ ಹಾಕೇನ್ರಿ. ಇದು ಉಂಡು ಉಳದ ಜ್ವಾಳ. ಮಾರಾಕ ಬಿಡ್ರಿ."

ಸರ್ಕಾರದವರು ಲೆವಿ ಎಂದು ರೈತರಿಂದ ಬೆಳೆದ ಜೋಳದಲ್ಲಿ ಒಂದು ಪಾಲನ್ನು ಕಡ್ಡಾಯವಾಗಿ ಎತ್ತುತ್ತಿದ್ದ ಕಾಲ ಅದು. ಬಾಗೇವಾಡಿಯ ಪೇಟೆಯಲ್ಲಿ ಪ್ಯಾಂಟು ಹಾಕಿ, ಸೊಂಟದ ಮೇಲೆ ಕೈ ಇಟ್ಟು, ಚಕ್ಕಡಿ ನೋಡುತ್ತ ನಿಂತವನು ಲೆವಿಯ ಸಾಹೇಬನಲ್ಲದೆ ಮತ್ಯಾರು? ನಾನು ಆಗಲೇ ನಿಜ ಹೇಳಬೇಕಿತ್ತು. ಆದರೆ ಹುಟ್ಟಿದ ಮೇಲೆ ಯಾರೂ ನನ್ನನ್ನು ಸಾಹೇಬ ಎಂದಿರಲಿಲ್ಲ. ನಾಲಿಗೆ ತಾನೇ ಹೊರಳಿತು.

"ಆತು, ಈ ಸಲ ಬಿಟ್ಟೇನಿ," ಎಂದುಬಿಟ್ಟೆ.

ಹಿಂದೆ ಸಾವಕಾರರು ನಿಂತಿದ್ದರು. ರೈತನನ್ನು ನೋಡಿದರು, ನನ್ನನ್ನು ನೋಡಿದರು, ನನ್ನ ಕಾಲು ನೋಡಿದರು. ಖಾಲಿ ಅಂಗಡಿಯ ಕಾರಣ ಅವರಿಗೆ ತಿಳಿದುಹೋಯಿತು.

"ಒಳಗ ನಡಿ ಮಗನ. ಮೊದಲ ಅದನ್ನ ಬಿಚ್ಚು."

ಬಿಚ್ಚುವುದು ಸುಲಭವಿರಲಿಲ್ಲ. ಬೆವರಿಗೆ ಅದು ನನ್ನ ಚರ್ಮದ ಸಂಬಂಧಿಕನೇ ಆಗಿಬಿಟ್ಟಿತ್ತು. ಒಬ್ಬ ಹಮಾಲ ಕಂಕುಳಿಗೆ ಕೈ ಹಾಕಿ ನನ್ನನ್ನು ಹಿಡಿದುಕೊಂಡ, ಇನ್ನೊಬ್ಬ ಪಾದದ ಕಡೆಯಿಂದ ಜಗ್ಗಿದ. ಸೇಂಗಾ ಚೀಲ ಹೊತ್ತರೂ ಇಷ್ಟು ದಣಿವಾಗುವುದಿಲ್ಲ ಎಂದು ಆತ ನಡುವೆ ನಿಂತು ಒಂದು ತಂಬಿಗೆ ನೀರು ಕುಡಿದ. ಕಡೆಗೆ ಒಂದು ಹೊಲಿಗೆ ಪರ್ರೆಂದಿತು, ನನ್ನ ಕಾಲುಗಳು ಹೊರಗೆ ಬಂದವು. ಆಯಿ ಬಾಗಿಲ ಸಂದಿಯಿಂದ ಮಗನ ಒಗೆದ ಧೋತರ ಎಸೆದರು. ಕಚ್ಚೆ ಹಾಕಲು ನನಗೆ ಬರುತ್ತಿರಲಿಲ್ಲ, ಹಮಾಲನೇ ಉಡಿಸಿದ.

ಆಮೇಲೆ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೆ. ಆ ಸುಖವನ್ನು ಹೇಗೆ ಹೇಳಲಿ? ಎಲ್ಲೋ ಕಳೆದುಹೋಗಿದ್ದ ಮೊಣಕಾಲುಗಳು ಮನೆಗೆ ಬಂದವು. ಹೊಟ್ಟೆ ಬೆಳಗಿನಿಂದ ಹಿಡಿದಿಟ್ಟ ಉಸಿರನ್ನು ಬಿಟ್ಟಿತು. ಬಾಗಿಲಿನಿಂದ ಬಂದ ಗಾಳಿ ಧೋತರದೊಳಗೆ ಹೊಕ್ಕು ಎಲ್ಲ ಕಡೆ ಆರಾಮಾಗಿ ಓಡಾಡಿ ಹೋಯಿತು.

ಸಾವಕಾರರು ಆ ರೈತನನ್ನು ಒಳಗೆ ಕರೆದರು. ಆತ ನನ್ನನ್ನು ದಾಟಿ ಅತ್ತಿತ್ತ ನೋಡಿದ.

"ಸಾಹೇಬ್ರು ಹ್ವಾದ್ರೇನ್ರಿ?"

"ಹ್ವಾದ್ರು," ಎಂದರು ಸಾವಕಾರರು, ನನ್ನ ಕಡೆ ನೋಡದೆ.

"ಚಲೋ ಮನಶ್ಯಾ ಬಿಡ್ರಿ. ವಯಸ್ಸು ಸಣ್ಣದಿದ್ರೂ ಸೊಕ್ಕಿಲ್ಲ."

ನಾನು ಗಿಡ್ಡ ಮೇಜಿನ ಮೇಲಿನ ಲೆಕ್ಕದ ಪುಸ್ತಕದೊಳಗೆ ಮುಖ ಹುದುಗಿಸಿಕೊಂಡು ಅವನ ತೂಕ ಬರೆದೆ. ಆತ ಹೊರಗೆ ಹೋಗಿ, ಸಾಹೇಬರು ಹೋದರು ಎಂದು ಸಂತೆಯ ತುಂಬ ಸುದ್ದಿ ಮಾಡಿದ. ಒಂದರ ಹಿಂದೆ ಒಂದು ಚಕ್ಕಡಿ ಬಂತು. ಹಮಾಲರು ಕೂಗುತ್ತಿದ್ದರು, ನಾನು ಬರೆಯುತ್ತಿದ್ದೆ. ಒಂದು ಕಾಲು ಜೋಮು ಹಿಡಿದರೆ ಇನ್ನೊಂದನ್ನು ಮೇಲೆ ಹಾಕಿಕೊಳ್ಳುತ್ತಿದ್ದೆ, ಎದ್ದು ನಿಲ್ಲುವ ಯೋಚನೆಯೇ ಬರಲಿಲ್ಲ.

ಹೊತ್ತು ಇಳಿಯಿತು. ಕಡೆಯ ಚಕ್ಕಡಿ ಹೋದ ಮೇಲೆ ಸಾವಕಾರರು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಗಾಡಿಯ ಹೊತ್ತಾಯಿತು, ಊರಿಗೆ ಹೋಗುವವನೇನು ಎಂದು ಕೇಳಿದರು. ಬೆಳಗಿನ ಸಿಟ್ಟು ಇನ್ನೂ ಉಳಿದಿದೆಯೋ ಇಲ್ಲವೋ ಎಂದು ಅವರ ಮುಖದಲ್ಲಿ ತಿಳಿಯಲಿಲ್ಲ.

"ಇಲ್ರೀ ಸಾವಕಾರ್ರ," ಎಂದೆ. "ಈಗರ ಕುಂತೇನ್ರಿ."

ಅವರು ಮಗ್ಗುಲಲ್ಲಿದ್ದ ಲೋಡನ್ನು ನನ್ನ ಕಡೆಗೆ ದೂಡಿದರು.

"ಹಂಗಾರ ಬೆನ್ನಿಗೆ ಹಚ್ಚಿಕೊಂಡು ಸರಿಯಾಗಿ ಕುಂದ್ರು."